ನಿಲ್ಸೋಕೆ ಒಂದು ಸಾಲು ಸಾಕು, ಬೆಲ್ ಹೊಡೆಯೋರು ಯಾರು?

ಪ್ರಶ್ನೆ: "ಸರ್ ನಮಸ್ಕಾರ. ನಾವಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಭಾನುವಾರ ಬೆಳಿಗ್ಗೆ ಸೊಸೈಟಿ ಹಾಲ್‌ನಲ್ಲಿ ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸ್ತೀನಿ. ಅವರಿಗೋಸ್ಕರ ಅನಿಮೇಷನ್ ಮಾಡೋ ಸಾಫ್ಟ್‌ವೇರ್ ಅಡೋಬಿ ಅನಿಮೇಟ್‌ನಲ್ಲಿ ಎಚ್‌ಟಿಎಂಎಲ್5 ಕ್ಯಾನ್ವಾಸ್ ಫೈಲ್ (ಬ್ರೌಸರ್‌ನಲ್ಲೇ ಓಡೋದು) ಒಂದು ಮಾಡಿದೀನಿ. ಬಳಪ ಬಂದು ಸ್ಲೇಟಿನ ಮೇಲೆ 'ಅ' ಬರೆಯುತ್ತೆ, ನನ್ನ ಧ್ವನಿಯಲ್ಲಿ 'ಅ, ಅರಸ' ಅಂತ ಕೇಳುತ್ತೆ, ಮಕ್ಕಳು ತಿರುಗಿ ಹೇಳೋಕೆ 3 ಸೆಕೆಂಡ್ ನಿಲ್ಲಬೇಕು, ಆಮೇಲೆ 'ಆ'. ಪ್ರತಿ ಅಕ್ಷರದ ಕೊನೇ ಫ್ರೇಮ್‌ನಲ್ಲಿ ಸ್ಟಾಪ್ ಕೊಟ್ಟು, ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು ಅನ್ನೋ ಸೆಟ್‌ಟೈಮ್‌ಔಟ್‌ನಲ್ಲಿ ಪ್ಲೇ ಕೊಟ್ಟಿದೀನಿ. ಮೊದಲ ಸಲ ನೋಡುವಾಗ ಎಲ್ಲಾ ಸರಿ. 'ಹಿಂದೆ' ಬಟನ್ ಒತ್ತಿದ ಮೇಲೆ ಮಾತ್ರ 3 ಸೆಕೆಂಡ್ ನಿಲ್ಲೋದೇ ಇಲ್ಲ, ಗಡಿಬಿಡಿಯಲ್ಲಿ ಓಡುತ್ತೆ. ಬಟನ್ ಕೂಡ ಒಂದು ಸಲ ಒಂದಕ್ಷರ ಹಿಂದೆ ಹೋಗುತ್ತೆ, ಇನ್ನೊಂದು ಸಲ ಎರಡು ಮೂರು. ಸ್ಟಾಪ್ ಆದ್ರೂ ಬಳಪ ಅಲ್ಲಾಡ್ತಾನೇ ಇರುತ್ತೆ. ಸ್ವರಗಳಿಗೆಲ್ಲಾ ಒಂದೇ ಉದ್ದ ರೆಕಾರ್ಡಿಂಗ್ ಮಾಡಿದೀನಿ, ಹಳೇ ಮೊಬೈಲ್‌ನಲ್ಲಿ ಧ್ವನಿ 'ಉ' ಹೇಳುವಾಗ ಚಿತ್ರ ಇನ್ನೂ 'ಈ' ಬರೀತಿರುತ್ತೆ, ಬೇರೆ ಟ್ಯಾಬ್‌ಗೆ ಹೋಗಿ ಬಂದ್ರಂತೂ ಕೇಳಲೇಬೇಡಿ. ತಮ್ಮ ಪುಣೆಯಲ್ಲಿ ಐಟಿಯಲ್ಲಿದ್ದಾನೆ, ವೈಲ್ ಲೂಪ್ ಹಾಕಕ್ಕಾ ಅಂದ, ಹಾಕಿದೆ, ಪೇಜ್ ಗರಬಡಿದ ಹಾಗೆ ನಿಂತೇಹೋಯ್ತು. ಈಗ ಪಬ್ಲಿಷ್ ಆದ ಫೈಲ್‌ನಲ್ಲಿ ವೇಟ್ ಅಂತ ಕಮಾಂಡ್ ಇದೆ ಅದನ್ನೇ ಬಳಸು ಅಂತಾನೆ. ಎಲ್ಲಾ ಬಿಟ್ಟು 72 ಖಾಲಿ ಫ್ರೇಮ್ ಹಾಕಿಬಿಡ್ಲಾ? ಹಾಗೆ ಮಾಡಿದ್ರೆ ಫೈಲ್ ದಪ್ಪ ಆಗಿ ಮೊಬೈಲ್‌ನಲ್ಲಿ ತೆರೆಯೋದೇ ಇಲ್ಲ ಅಂತ ಇನ್ನೊಬ್ಬರು ಹೆದರಿಸಿದಾರೆ."

ಉತ್ತರ: ಟೀಚರೇ ನಮಸ್ಕಾರ. ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ, ಇದರಲ್ಲಿರೋ ಒಂದೊಂದು ತಪ್ಪನ್ನೂ ನಾನು ಮಾಡಿದೀನಿ, ಅದೂ ಸಂಬಳ ತಗೊಂಡು. ನಿಮಗೆ ಒಂದೇ ರೋಗ ಅನ್ನಿಸ್ತಿದೆ, ಅನಿಮೇಟ್ ಸಾಫ್ಟ್‌ವೇರೇ ಸರಿ ಇಲ್ವೇನೋ ಅಂತಲೂ ಅನುಮಾನ ಬಂದಿರಬಹುದು. ಸಾಫ್ಟ್‌ವೇರ್ ಸರಿಯಾಗೇ ಇದೆ. ನಿಮ್ಮ ಫೈಲ್‌ನಲ್ಲಿ ನಾಲ್ಕು ಬೇರೆ ಬೇರೆ ಸಮಸ್ಯೆ ಒಂದರ ಮೇಲೊಂದು ಕೂತಿವೆ, ಅದಕ್ಕೇ ಒಂದನ್ನ ಸರಿ ಮಾಡಿದ್ರೂ ಏನೂ ಸರಿ ಆದ ಹಾಗೆ ಕಾಣಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಕೋಡನ್ನ ನಾನಿಲ್ಲಿ ಬಾಯಲ್ಲಿ ಹೇಳೋ ಹಾಗೆ ಕನ್ನಡದಲ್ಲೇ ಬರೀತೀನಿ, ನೀವು ಆ್ಯಕ್ಷನ್ಸ್ ಪ್ಯಾನೆಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸ್ಪೆಲ್ಲಿಂಗಲ್ಲೇ ಹೊಡೀರಿ.

ಡೊಂಬಿವಲಿಯವರಿಗೆ ಲೋಕಲ್ ರೈಲುಗಾಡಿ ಬಗ್ಗೆ ನಾನು ಹೇಳೋದೇನಿದೆ. ಮೋಟರ್‌ಮನ್ ಬ್ರೇಕ್ ಹಾಕ್ತಾನೆ, ಗಾಡಿ ನಿಲ್ಲುತ್ತೆ. ಆದ್ರೆ ಅವನಷ್ಟಕ್ಕೆ ಅವನು ಹೊರಡಲ್ಲ, ಹಿಂದಿನ ಡಬ್ಬಿಯಲ್ಲಿರೋ ಗಾರ್ಡ್ ಎರಡು ಸಲ ಬೆಲ್ ಹೊಡೀಬೇಕು. ಸ್ಟಾಪ್ ಅನ್ನೋ ಕಮಾಂಡ್ ಬ್ರೇಕ್ ಅಷ್ಟೇ. ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ, ಅದನ್ನ ಕೇಳೋ ಜಾಗವೂ ಅದರೊಳಗಿಲ್ಲ. ಬೆಲ್ ಹೊಡೆಯೋ ಕೆಲಸ ಸೆಟ್‌ಟೈಮ್‌ಔಟ್‌ದು. ಈ ಇಬ್ಬರಿಗೂ ಒಬ್ಬರಿಗೊಬ್ಬರ ಪರಿಚಯ ಇಲ್ಲ ಅನ್ನೋದು ನೆನಪಿರಲಿ, ನಿಮ್ಮ ತೊಂದರೆ ಬಹುಪಾಲು ಹುಟ್ಟೋದು ಅಲ್ಲೇ.

ಹಿಂದೆ ಹೀಗಿರಲಿಲ್ಲ. ಅಂಧೇರಿಯ ಸೀಪ್ಜ್ ಕೈಗಾರಿಕಾ ವಲಯದ ಹತ್ತಿರ ನಾವು ಸಿಡಿ ರಾಮ್ ಟೈಟಲ್ ಮಾಡ್ತಿದ್ದ ಕಾಲದಲ್ಲಿ ಮ್ಯಾಕ್ರೋಮೀಡಿಯಾ ಡೈರೆಕ್ಟರ್ ಅನ್ನೋ ಸಾಫ್ಟ್‌ವೇರ್ ಇತ್ತು, ಅದರ ಭಾಷೆ ಲಿಂಗೋ. ಲಿಂಗೋದಲ್ಲಿ ಡಿಲೇ ಅಂತ ಕಮಾಂಡೇ ಇತ್ತು, ಬ್ರೇಕೂ ಬೆಲ್ಲೂ ಒಂದರಲ್ಲೇ. ಲೆಕ್ಕ ಟಿಕ್‌ನಲ್ಲಿ, ಒಂದು ಸೆಕೆಂಡಿಗೆ 60 ಟಿಕ್, ಅಂದ್ರೆ 3 ಸೆಕೆಂಡ್ ಬೇಕಾದ್ರೆ ಡಿಲೇ 180. ಸ್ಕ್ರಿಪ್ಟ್ ಬರೆಯೋಕೆ ಬರದಿದ್ದೋರಿಗೆ ಟೆಂಪೋ ಚಾನೆಲ್ ಇತ್ತು, ಇಷ್ಟು ಸೆಕೆಂಡ್ ಕಾಯಿ ಅಂತ ಅಲ್ಲೇ ಹೇಳಬಹುದಿತ್ತು, ಮೌಸ್ ಕ್ಲಿಕ್ ಆಗೋವರೆಗೂ ಕಾಯಿ ಅಂತಲೂ ಹೇಳಬಹುದಿತ್ತು. ಎಷ್ಟು ಚೆನ್ನಾಗಿತ್ತು ಅಂತ ಅನ್ನಿಸುತ್ತಲ್ವಾ? ಗೋರೆಗಾಂವ್‌ನಲ್ಲಿ ಒಂದು ಎಕ್ಸಿಬಿಷನ್‌ಗೆ ಟಚ್‌ಸ್ಕ್ರೀನ್ ಕಿಯೋಸ್ಕ್ ಮಾಡಿಕೊಟ್ಟಿದ್ವಿ, ನಾನು ಜಾಣ ಅಂತ ಒಂದೊಂದು ಸ್ಲೈಡಿಗೂ 8 ಸೆಕೆಂಡ್ ಡಿಲೇ ಹಾಕಿದ್ದೆ. ಡಿಲೇ ನಡೀತಿರುವಾಗ ಡೈರೆಕ್ಟರ್ ಕ್ಲಿಕ್ಕೇ ತಗೊಳಲ್ಲ. ಕ್ಲೈಂಟ್ ಸಾಹೇಬರು ತಮ್ಮ ದೊಡ್ಡೋರನ್ನ ಕರ್ಕೊಂಡು ಬಂದು ಹೋಮ್ ಬಟನ್ ಮೇಲೆ ಬೆರಳಿಟ್ಟು ಒತ್ತಿದ್ರು, ಒತ್ತಿದ್ರು, ದೋಸೆಗೆ ಹಿಟ್ಟು ರುಬ್ಬೋ ಹಾಗೆ ಒತ್ತಿದ್ರು, ಏನೂ ಆಗಲಿಲ್ಲ, ನಾನು ಹಿಂದೆ ನಿಂತು ಬೆವರು ಒರೆಸ್ಕೊಂಡೆ. ಆವತ್ತಿಂದ ಎಲ್ಲವನ್ನೂ ತಡೆದು ನಿಲ್ಸೋ ಕಮಾಂಡ್ ಅಂದ್ರೆ ನನಗೆ ಆಗಲ್ಲ.

ನಿಮ್ಮ ತಮ್ಮ ಹೇಳಿದ ವೈಲ್ ಲೂಪ್ ಅದೇ ಜಾತಿದು, ಅದಕ್ಕಿಂತ ಕೆಟ್ಟದ್ದು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡೋದು, ಕ್ಯಾನ್ವಾಸ್‌ನಲ್ಲಿ ಚಿತ್ರ ಬರೆಯೋದು, ಕ್ಲಿಕ್ ಕೇಳಿಸ್ಕೊಳೋದು ಎಲ್ಲಾ ಒಂದೇ ಸಾಲಿನಲ್ಲಿ ನಡೆಯೋ ಕೆಲಸ, ಒಂದೇ ಕಿಟಕಿ ಇರೋ ಟಿಕೆಟ್ ಕೌಂಟರ್ ಥರ. ವೈಲ್ ಲೂಪ್ ಅಂದ್ರೆ ಕಿಟಕಿ ಮುಂದೆ ಒಬ್ಬ ನಿಂತ್ಕೊಂಡು 'ಮೂರು ಸೆಕೆಂಡ್ ಆಯ್ತಾ, ಆಯ್ತಾ' ಅಂತ ಲಕ್ಷಗಟ್ಟಲೆ ಸಲ ಕೇಳ್ತಾ ಹಿಂದಿನವರನ್ನ ಬಿಡದೇ ಇರೋದು. ಆ ಹೊತ್ತಲ್ಲಿ 'ಅ' ದ ಕೊನೇ ಗೆರೆ ಪರದೆ ಮೇಲೆ ಬಂದಿರೋದೂ ಇಲ್ಲ, ಯಾಕಂದ್ರೆ ಸ್ಕ್ರಿಪ್ಟ್ ಮುಗಿದ ಮೇಲಷ್ಟೇ ಬ್ರೌಸರ್ ಬಣ್ಣ ಬಳಿಯೋದು. ತಮ್ಮನ ತಪ್ಪಿಲ್ಲ ಬಿಡಿ, ಸರ್ವರ್ ಕಡೆ ಕೆಲಸ ಮಾಡೋರಿಗೆ ಪ್ರೋಗ್ರಾಂ ಅಲ್ಲೇ ನಿಂತು ಕಾಯೋದು ಸಹಜ ಅನ್ನಿಸುತ್ತೆ. ಅನಿಮೇಷನ್‌ನಲ್ಲಿ ಮಾತ್ರ ಅದನ್ನ ಮಾಡಬೇಡಿ.

ಈಗ ಗಡಿಬಿಡಿಯಲ್ಲಿ ಓಡೋ ವಿಷಯ, ಇದೇ ಮುಖ್ಯ. ಸೆಟ್‌ಟೈಮ್‌ಔಟ್ ಕರೆದ ತಕ್ಷಣ ಒಂದು ಬೆಲ್ ಕಟ್ಟಿದ ಹಾಗೆ, 3 ಸೆಕೆಂಡಿಗೆ ಅದು ಹೊಡೆದೇ ಹೊಡೆಯುತ್ತೆ. ನೀವು ಮಧ್ಯ ಹಿಂದೆ ಹೋದ್ರೋ ಮುಂದೆ ಹೋದ್ರೋ ಅದಕ್ಕೆ ಬೇಕಿಲ್ಲ. ಪೇಪರ್ ತಗೊಂಡು ಲೆಕ್ಕ ಹಾಕಿ ನೋಡೋಣ. ಒಂದಕ್ಷರ ಬರೆಯೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳಿ. 'ಆ' ಮುಗಿದು ಗಾಡಿ ನಿಂತಿತು, ಅದು ನಮ್ಮ ಸೊನ್ನೆ, ಮೊದಲನೇ ಬೆಲ್ 3ನೇ ಸೆಕೆಂಡಿಗೆ. ನೀವು 1ನೇ ಸೆಕೆಂಡಿಗೆ 'ಹಿಂದೆ' ಒತ್ತಿದ್ರಿ. 'ಅ' ಮತ್ತೆ ಬರೆದು ಎರಡೂವರೆಗೆ ನಿಂತಿತು, ಅಲ್ಲಿ ಎರಡನೇ ಬೆಲ್ ಕಟ್ಟಿತು, ಅದು ಐದೂವರೆಗೆ ಹೊಡೀಬೇಕು. ಆದ್ರೆ ಹಳೇ ಬೆಲ್ 3ಕ್ಕೇ ಹೊಡೀತು, ಪ್ಲೇ! ಮಕ್ಕಳಿಗೆ ಸಿಕ್ಕಿದ್ದು ಅರ್ಧ ಸೆಕೆಂಡ್. 'ಆ' ಬರೆದು ನಾಲ್ಕೂವರೆಗೆ ನಿಂತಿತು, ಏಳೂವರೆಗೆ ಅಂತ ಮೂರನೇ ಬೆಲ್ ಕಟ್ಟಿತು, ಅಷ್ಟರಲ್ಲಿ ಐದೂವರೆಯ ಬೆಲ್ ಬಂತು, ಸಿಕ್ಕಿದ್ದು ಒಂದು ಸೆಕೆಂಡ್. ಮುಂದಿನದಕ್ಕೆ ಮತ್ತೆ ಅರ್ಧ, ಆಮೇಲೆ ಒಂದು, ಹೀಗೇ 'ಳ' ವರೆಗೂ. ಒಂದೇ ಒಂದು ಸಲ ಒತ್ತಿದ್ದಕ್ಕೆ ಪ್ರತಿ ನಿಲ್ದಾಣದಲ್ಲೂ ಹಿಂದಿನ ನಿಲ್ದಾಣದ ಬೆಲ್ ಕೇಳಿ ಗಾಡಿ ಹೊರಡ್ತಾ ಇರುತ್ತೆ, ಅದು ತಾನಾಗೇ ಯಾವತ್ತೂ ಸರಿ ಹೋಗಲ್ಲ. ಪೇಜ್ ರಿಫ್ರೆಶ್ ಮಾಡಿದ್ರೆ ಸರಿ ಆಗುತ್ತೆ ಅಂತ ನೀವು ಗಮನಿಸಿರಬೇಕು, ಕಾರಣ ಇದೇ, ರಿಫ್ರೆಶ್‌ನಲ್ಲಿ ಕಟ್ಟಿದ ಬೆಲ್ ಎಲ್ಲಾ ಬಿದ್ದು ಹೋಗುತ್ತೆ.

ಪರಿಹಾರ ಸಣ್ಣದು. ಸೆಟ್‌ಟೈಮ್‌ಔಟ್ ಒಂದು ನಂಬರ್ ವಾಪಸ್ ಕೊಡುತ್ತೆ, ಅದು ಬೆಲ್ಲಿನ ಟೋಕನ್. ಅದನ್ನ ಇಟ್ಕೊಂಡು ಕ್ಲಿಯರ್‌ಟೈಮ್‌ಔಟ್‌ಗೆ ಕೊಟ್ರೆ ಆ ಬೆಲ್ ರದ್ದು. ನಿಯಮ ಏನಪ್ಪಾ ಅಂದ್ರೆ ಹೊಸ ಬೆಲ್ ಕಟ್ಟೋ ಮುಂಚೆ ಹಳೇದನ್ನ ಬಿಚ್ಚಬೇಕು, 'ಹಿಂದೆ' 'ಮುಂದೆ' ಯಾವ ಬಟನ್ ಒತ್ತಿದ್ರೂ ಮೊದಲ ಕೆಲಸ ಬಿಚ್ಚೋದೇ. ಇಲ್ಲದ ಬೆಲ್ಲನ್ನ ಬಿಚ್ಚೋಕೆ ಹೋದ್ರೂ ಏನೂ ತೊಂದರೆ ಇಲ್ಲ, ಸುಮ್ಮನಿರುತ್ತೆ.

ಇಲ್ಲಿ ಒಂದು ಗುಂಡಿ ಇದೆ, ನೂರಕ್ಕೆ ತೊಂಬತ್ತು ಜನ ಬೀಳೋದು ಅದರಲ್ಲೇ ಅಂತ ನನಗನ್ನಿಸುತ್ತೆ. ಅನಿಮೇಟ್ ನಿಮ್ಮ ಪ್ರತಿ ಫ್ರೇಮ್‌ನ ಸ್ಕ್ರಿಪ್ಟನ್ನ ಒಂದೊಂದು ಬೇರೆ ಫಂಕ್ಷನ್ (ಕೋಡಿನ ಕಟ್ಟು) ಮಾಡುತ್ತೆ. ಅಂದ್ರೆ 40ನೇ ಫ್ರೇಮ್‌ನಲ್ಲಿ ವಾರ್ (ಹೆಸರು ಕೊಟ್ಟು ಎತ್ತಿಡೋಕೆ ಬರೆಯೋ ಪದ) ಅಂತ ಬರೆದು ಟೋಕನ್ ಇಟ್ರೆ, 80ನೇ ಫ್ರೇಮ್‌ಗೆ ಅದು ಕಾಣೋದೇ ಇಲ್ಲ. ಜನ ಕ್ಲಿಯರ್‌ಟೈಮ್‌ಔಟ್ ಬರೆದೂ ಬರೆದೂ 'ಕೆಲಸ ಮಾಡ್ತಿಲ್ಲ' ಅಂತ ತಲೆ ಚಚ್ಕೊಳ್ತಾರೆ. ವಾರ್ ಬಿಟ್ಟು ದಿಸ್ ಡಾಟ್ ಬೆಲ್ ಅಂತ ಮುಖ್ಯ ಟೈಮ್‌ಲೈನ್ (ಫ್ರೇಮ್‌ಗಳ ಪೂರ್ತಿ ಸಾಲು) ಮೇಲೇ ಇಡಿ, ಆಗ ಎಲ್ಲಾ ಫ್ರೇಮಿಗೂ ಸಿಗುತ್ತೆ. ಅಂದಹಾಗೆ ಜಾವಾಸ್ಕ್ರಿಪ್ಟ್ ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತೆ, ಫೈಲ್ ಎಲ್ಲಾ ಲಿಪಿ ಹಿಡಿಸೋ ಯುಟಿಎಫ್-8 ರೀತಿಯಲ್ಲಿ ಇದ್ರೆ ಆಯ್ತು. ನಾನು ಮನೆ ಕೆಲಸಗಳಲ್ಲಿ ದಿಸ್.ಗಂಟೆ ಅಂತಲೇ ಇಡ್ತೀನಿ, ಆಫೀಸಲ್ಲಿ ಇಟ್ರೆ ಬೈತಾರೆ. ಇನ್ನು ಮುಂದೆ ಗಂಟೆ ಅಂದ್ರೆ ಈ ಬೆಲ್ಲೇ.

ಮೊದಲನೇ ಫ್ರೇಮ್‌ನಲ್ಲಿ ಒಂದು ಫಂಕ್ಷನ್ ಬರೆದುಬಿಡಿ, ಹೆಸರು ದಿಸ್ ಡಾಟ್ ನಿಲ್ಲು ಅಂತಿರಲಿ. ಅದರೊಳಗೆ ನಾಲ್ಕು ಕೆಲಸ: ದಿಸ್‌ನ ಒಂದು ವೇರಿಯಬಲ್‌ನಲ್ಲಿ ಹಿಡಿದಿಡೋದು (ಅಂಡರ್‌ಸ್ಕೋರ್ ದಿಸ್ ಅಂತ ಬರೀತಾರಲ್ಲ ಅದು), ಸ್ಟಾಪ್, ಹಳೇ ಗಂಟೆ ಕ್ಲಿಯರ್, ಹೊಸ ಗಂಟೆ ಕಟ್ಟೋದು. ದಿಸ್ ಹಿಡಿದಿಡೋದು ಯಾಕೆ ಅಂದ್ರೆ ಟೈಮ್‌ಔಟ್ ಒಳಗಿನ ಸಾಧಾರಣ ಫಂಕ್ಷನ್ ಓಡೋ ಹೊತ್ತಿಗೆ ದಿಸ್ ಅಂದ್ರೆ ನಿಮ್ಮ ಟೈಮ್‌ಲೈನ್ ಆಗಿರಲ್ಲ, ಬ್ರೌಸರ್ ವಿಂಡೋ ಆಗಿರುತ್ತೆ, ವಿಂಡೋಗೆ ಪ್ಲೇ ಅಂದ್ರೆ ಅದಕ್ಕೇನು ಗೊತ್ತು. ಇನ್ನೊಂದು, ಸೆಟ್‌ಟೈಮ್‌ಔಟ್ ಒಳಗೆ ನೇರವಾಗಿ ಪ್ಲೇ ಅಂತ ಬರೆದು ಮುಂದೆ ಬ್ರಾಕೆಟ್ ತೆರೆದು ಮುಚ್ಚಿದ್ರೆ ಅದು ಆ ಕ್ಷಣವೇ ಪ್ಲೇ ಆಗಿಬಿಡುತ್ತೆ, ಕಾಯೋದೇ ಇಲ್ಲ, ಅದನ್ನ ಫಂಕ್ಷನ್ ಒಳಗೆ ಸುತ್ತಿ ಕೊಡಬೇಕು. ಆಮೇಲೆ ಪ್ರತಿ ಅಕ್ಷರದ ಕೊನೇ ಫ್ರೇಮ್‌ನಲ್ಲಿ ದಿಸ್ ಡಾಟ್ ನಿಲ್ಲು, ಬ್ರಾಕೆಟ್‌ನಲ್ಲಿ 3000, ಇಷ್ಟು ಒಂದೇ ಸಾಲು. 3 ಅಲ್ಲ, 3000, ಇದು ಮಿಲಿಸೆಕೆಂಡ್ ಲೆಕ್ಕ.

ಬಟನ್ ಎರಡು ಮೂರು ಅಕ್ಷರ ಹಾರೋದು ಬೇರೆ ರೋಗ. 'ಹಿಂದೆ' ಬಟನ್‌ಗೆ ಆಡ್‌ಈವೆಂಟ್‌ಲಿಸನರ್ (ಒತ್ತಿದ್ದನ್ನ ಕೇಳಿಸ್ಕೊಳೋಕೆ ಒಬ್ಬನನ್ನ ಕೂರಿಸೋದು) ಬರೆದಿರೋ ಫ್ರೇಮಿಗೆ ಪ್ಲೇಹೆಡ್ (ಈಗ ಯಾವ ಫ್ರೇಮ್ ಅಂತ ತೋರಿಸೋ ಮುಳ್ಳು) ಎಷ್ಟು ಸಲ ಬರುತ್ತೋ ಅಷ್ಟು ಸಲ ಆ ಸ್ಕ್ರಿಪ್ಟ್ ಮತ್ತೆ ಓಡುತ್ತೆ, ಅಷ್ಟು ಸಲ ಹೊಸ ಲಿಸನರ್ ಸೇರ್ಕೊಳುತ್ತೆ. ಮೂರು ಸಲ ಬಂದಿದ್ರೆ ನೀವು ಒತ್ತೋದು ಒಂದು ಸಲ, ಕೇಳಿಸ್ಕೊಳೋರು ಮೂರು ಜನ, ಮೂವರೂ ಒಂದೊಂದಕ್ಷರ ಹಿಂದೆ ತಳ್ಳುತ್ತಾರೆ. ಲಿಸನರ್ ಸೇರಿಸೋ ಮುಂಚೆ 'ಈಗಾಗ್ಲೇ ಸೇರಿಸಿದೀನಾ' ಅಂತ ಒಂದು ಗುರುತು ಇಟ್ಟು ನೋಡಿ, ಸೇರಿಸಿದ್ರೆ ಬಿಟ್ಟುಬಿಡಿ. ಮತ್ತೆ ಇಷ್ಟು ಫ್ರೇಮ್ ಹಿಂದೆ ಅಂತ ಕಳೆಯೋ ಲೆಕ್ಕ ಬೇಡ, ಪ್ರತಿ ಅಕ್ಷರದ ಮೊದಲ ಫ್ರೇಮ್‌ಗೆ ಲೇಬಲ್ ಕೊಟ್ಟು ಲೇಬಲ್ ಹೆಸರಿಗೇ ಗೋಟು‌ಆಂಡ್‌ಪ್ಲೇ ಮಾಡಿ. ಯೂಟ್ಯೂಬ್‌ನಲ್ಲಿ ಸಿಗೋ ಹಳೇ ಪಾಠ ಸುಮಾರು ಫ್ಲಾಶ್ ಕಾಲದ್ದು, ಫ್ಲಾಶ್ ಪ್ರೊಫೆಷನಲ್‌ಗೆ ಅನಿಮೇಟ್ ಅಂತ ಹೆಸರಾಗಿದ್ದು 2016ರಲ್ಲಿ, ಫ್ಲಾಶ್ ಪ್ಲೇಯರ್ ಕಥೆ 2020ರ ಡಿಸೆಂಬರ್ 31ಕ್ಕೆ ಮುಗೀತು. ಆ ಫ್ಲಾಶ್‌ನ ಭಾಷೆ ಆ್ಯಕ್ಷನ್‌ಸ್ಕ್ರಿಪ್ಟ್‌ನಲ್ಲಿ ಫ್ರೇಮ್ ಎಣಿಕೆ 1ರಿಂದ ಶುರು, ಕ್ಯಾನ್ವಾಸ್‌ನ ಕ್ರಿಯೇಟ್‌ಜೆಎಸ್‌ನಲ್ಲಿ (ಕ್ಯಾನ್ವಾಸ್ ಫೈಲನ್ನ ಓಡಿಸೋ ಜಾವಾಸ್ಕ್ರಿಪ್ಟ್ ಲೈಬ್ರರಿ) 0ಯಿಂದ. ನಂಬರ್ ಕಾಪಿ ಹೊಡೆದ್ರೆ ಒಂದು ಫ್ರೇಮ್ ಆಚೀಚೆ ಆಗಿ ಸ್ಟಾಪ್ ಇರೋ ಫ್ರೇಮ್ ತಪ್ಪಿಹೋಗುತ್ತೆ. ಲೇಬಲ್ ಇದ್ರೆ ಆ ರಗಳೆ ಇಲ್ಲ.

ಬಳಪ ಅಲ್ಲಾಡೋದು ಎರಡು ನಿಮಿಷದ ಕೆಲಸ. ಅದು ಮೂವಿಕ್ಲಿಪ್ ಆಗಿದೆ, ಅದಕ್ಕೆ ಅದರದ್ದೇ ಟೈಮ್‌ಲೈನ್, ನಿಮ್ಮ ಸ್ಟಾಪ್ ಮುಖ್ಯ ಟೈಮ್‌ಲೈನ್‌ಗೆ ಮಾತ್ರ. ದಿಸ್ ಡಾಟ್ ಬಳಪ ಡಾಟ್ ಸ್ಟಾಪ್ ಅಂತ ಅದಕ್ಕೂ ಬೇರೆ ಹೇಳಿ, ಇಲ್ಲಾ ಅದನ್ನ ಗ್ರಾಫಿಕ್ ಸಿಂಬಲ್ ಮಾಡಿ, ಗ್ರಾಫಿಕ್ ಆದ್ರೆ ತಾಯಿ ಟೈಮ್‌ಲೈನ್ ನಿಂತಾಗ ಅದೂ ನಿಲ್ಲುತ್ತೆ. ನನ್ನ ಕೇಳಿದ್ರೆ ಬಳಪ ಸ್ವಲ್ಪ ಅಲ್ಲಾಡ್ತಾ ಇರೋದೇ ಚೆಂದ, ಪೂರ್ತಿ ನಿಂತ್ರೆ ಮಕ್ಕಳು ಹ್ಯಾಂಗ್ ಆಯ್ತು ಅಂದ್ಕೊಂಡು ಪರದೆ ಕುಟ್ಟೋಕೆ ಶುರು ಮಾಡ್ತಾರೆ.

ವೇಟ್ ಬಗ್ಗೆ ತಮ್ಮ ಹೇಳಿದ್ದು ಅರ್ಧ ನಿಜ. ಪಬ್ಲಿಷ್ ಆದ ಜೆಎಸ್ ಫೈಲ್ ತೆರೆದ್ರೆ ಆಡ್‌ಟ್ವೀನ್ ಅಂತ ಒಂದು ಸಾಲು, ಅದರಲ್ಲಿ ಕಾಲ್ ಫ್ರೇಮ್ 0, ವೇಟ್ 71, ಕಾಲ್ ಫ್ರೇಮ್ 71 ಅಂತ ಸರಪಳಿ ಕಾಣುತ್ತೆ. ಅಲ್ಲಿರೋ 71 ಸೆಕೆಂಡೂ ಅಲ್ಲ ಮಿಲಿಸೆಕೆಂಡೂ ಅಲ್ಲ, ಫ್ರೇಮ್. ನಿಮ್ಮ ಟೈಮ್‌ಲೈನ್‌ನಲ್ಲಿ ಎರಡು ಸ್ಕ್ರಿಪ್ಟ್‌ಗಳ ನಡುವೆ ಎಷ್ಟು ಫ್ರೇಮ್ ದಾಟಬೇಕು ಅನ್ನೋದನ್ನ ಅನಿಮೇಟ್ ತನ್ನ ಭಾಷೆಯಲ್ಲಿ ಬರ್ಕೊಂಡಿರೋದು ಅಷ್ಟೇ. ಅದನ್ನ ಕೈಯಲ್ಲಿ ತಿದ್ದಿದ್ರೆ ಮುಂದಿನ ಸಲ ಪಬ್ಲಿಷ್ ಕೊಟ್ಟ ಕೂಡ್ಲೇ ಅಳಿಸಿಹೋಗುತ್ತೆ, ಸಂಜೆ ಎಲ್ಲಾ ಕೂತು ಮಾಡಿದ್ದು ಹೊಳೇಲಿ ಹುಣಸೆ ತೊಳೆದ ಹಾಗೆ. ನೀವೇ ಕೋಡ್‌ನಲ್ಲಿ ಟ್ವೀನ್ (ಹೊತ್ತಿಗೆ ತಕ್ಕ ಹಾಗೆ ನಡೆಯೋ ಬದಲಾವಣೆ) ಮಾಡಿ ವೇಟ್ 3000 ಅಂತ ಕೊಟ್ರೆ ಅದು ಮಿಲಿಸೆಕೆಂಡ್, ಕೆಲಸವೂ ಮಾಡುತ್ತೆ. ಆದ್ರೆ ಅದೂ ಇನ್ನೊಂದು ಬೆಲ್ಲೇ, ಹಿಂದೆ ಹೋದಾಗ ಅದನ್ನೂ ಬಿಚ್ಚಬೇಕು. ಈಗಾಗ್ಲೇ ಸೆಟ್‌ಟೈಮ್‌ಔಟ್ ಇರೋ ಫೈಲಿಗೆ ಇದನ್ನ ಸೇರಿಸಿದ್ರೆ ಇಬ್ಬರು ಗಾರ್ಡ್ ಆಗ್ತಾರೆ, ಬೇಡ.

ಇನ್ನು 72 ಖಾಲಿ ಫ್ರೇಮ್. ಇದನ್ನ ಎಲ್ಲರೂ ಬೈತಾರೆ, ನಾನು ಬೈಯಲ್ಲ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 3 ಸೆಕೆಂಡಿಗೆ 72, ಸರಿಯಾಗೇ ಲೆಕ್ಕ ಹಾಕಿದೀರಿ. ಫೈಲ್ ದಪ್ಪ ಆಗುತ್ತೆ ಅನ್ನೋದು ಸುಳ್ಳು, ಹೊಸ ಕೀಫ್ರೇಮ್ (ಚಿತ್ರ ಬದಲಾಗೋ ಫ್ರೇಮ್) ಹಾಕದೆ ಎಫ್5 ಒತ್ತಿ ಬರೀ ಉದ್ದ ಎಳೆದ್ರೆ ಪಬ್ಲಿಷ್ ಫೈಲ್‌ನಲ್ಲಿ ಆಗೋದು ಆ ವೇಟ್ ಮುಂದಿನ ನಂಬರ್ ದೊಡ್ಡದಾಗೋದು ಮಾತ್ರ. ಮೊಬೈಲ್‌ಗೆ ಭಾರ ಆಗೋದು ನಿಮ್ಮ ಸ್ಲೇಟಿನ ದೊಡ್ಡ ಫೋಟೋ, ಧ್ವನಿ ಫೈಲ್ ಇಂಥವು. ಇದರಲ್ಲಿ ಬೆಲ್ಲೇ ಇಲ್ಲ, ಗಾಡಿ ನಿಂತ ಹಾಗೆ ಕಾಣುತ್ತೆ ಆದ್ರೆ ನಿಜವಾಗಿ ಪ್ಲೇಹೆಡ್ ಒಂದೇ ಥರದ 72 ಫ್ರೇಮ್ ಮೇಲೆ ನಡೀತಾ ಇರುತ್ತೆ, ಹಾಗಾಗಿ ಬಿಚ್ಚೋದು ಕಟ್ಟೋದು ಏನೂ ಇಲ್ಲ, ಹಿಂದೆ ಹೋದ್ರೂ ಕೆಡಲ್ಲ, ಪಾಸ್ ಬಟನ್ (ಮಧ್ಯ ತಡೆದು ನಿಲ್ಸೋದು) ಬೇಕಾದ್ರೆ ಬರೀ ಸ್ಟಾಪ್ ಸಾಕು. ತೊಂದರೆ ಎಲ್ಲಿ ಅಂದ್ರೆ, ಒಂದು, ಕನ್ನಡಕ್ಕೆ 49 ಅಕ್ಷರ, 49 ಸಲ 72 ಅಂದ್ರೆ 3528 ಫ್ರೇಮ್ ಬರೀ ಕಾಯೋಕೆ, ನಾಳೆ ಮಕ್ಕಳಿಗೆ 4 ಸೆಕೆಂಡ್ ಬೇಕು ಅನ್ನಿಸಿದ್ರೆ 49 ಜಾಗದಲ್ಲಿ ಎಳೀತಾ ಕೂರಬೇಕು. ಎರಡು, ಹಳೇ ಮೊಬೈಲ್ 24 ಫ್ರೇಮ್ ಓಡಿಸೋಕಾಗದೆ 15ಕ್ಕೆ ಇಳಿದ್ರೆ ನಿಮ್ಮ 3 ಸೆಕೆಂಡ್ ಹತ್ತಿರ ಹತ್ತಿರ 5 ಆಗುತ್ತೆ. ಬರೀ ಹತ್ತು ಅಕ್ಷರದ ಫೈಲ್ ಆಗಿದ್ರೆ ನಾನೇ ಖಾಲಿ ಫ್ರೇಮ್ ಹಾಕಿ ಎದ್ದು ಹೋಗ್ತಿದ್ದೆ.

ಆ ಎರಡನೇ ಕಾರಣವೇ ನಿಮ್ಮ ಧ್ವನಿ ಮುಂದೆ ಓಡೋದಕ್ಕೂ ಕಾರಣ. ಕ್ಯಾನ್ವಾಸ್‌ನಲ್ಲಿ ಟೈಮ್‌ಲೈನ್ ಒಂದು ಟಿಕ್‌ಗೆ (ಇದು ಕ್ರಿಯೇಟ್‌ಜೆಎಸ್ ಕೊಡೋ ತಾಳ, ಲಿಂಗೋದ ಟಿಕ್ ಅಲ್ಲ) ಒಂದು ಫ್ರೇಮ್ ಮುಂದೆ ಹೋಗುತ್ತೆ, ಮೊಬೈಲ್ ಸುಸ್ತಾದ್ರೆ ಟಿಕ್ ತಡ, ಚಿತ್ರ ತಡ. ಧ್ವನಿ ಹಾಗಲ್ಲ, ಒಂದು ಸಲ ಶುರುವಾದ್ರೆ ಗಡಿಯಾರದ ಪ್ರಕಾರ ಹೋಗ್ತಾನೇ ಇರುತ್ತೆ, ಟೈಮ್‌ಲೈನ್ ನಿಂತಿದೆ ಅಂತ ಅದಕ್ಕೆ ಯಾರೂ ಹೇಳಲ್ಲ. ಒಂದಕ್ಷರಕ್ಕೆ ಕಾಲು ಸೆಕೆಂಡ್ ಜಾರಿದ್ರೂ ಎಂಟನೇ ಅಕ್ಷರಕ್ಕೆ 2 ಸೆಕೆಂಡ್ ಆಯ್ತು. ಸೆಟ್‌ಟೈಮ್‌ಔಟ್ ಕೂಡ 3000 ಅಂದ್ರೆ 'ಕಮ್ಮಿ ಅಂದ್ರೆ 3000' ಅಂತ ಅರ್ಥ, ಆ ಕಿಟಕಿ ಮುಂದೆ ಬೇರೆ ಯಾರಾದ್ರೂ ನಿಂತಿದ್ರೆ ಅದೂ ತಡ ಆಗುತ್ತೆ.

ಬೇರೆ ಟ್ಯಾಬ್‌ಗೆ ಹೋದಾಗ ಇನ್ನೂ ಮಜಾ. ಕಣ್ಣಿಗೆ ಕಾಣದ ಟ್ಯಾಬ್‌ಗೆ ಬ್ಯಾಟರಿ ಖರ್ಚು ಮಾಡೋದು ಬ್ರೌಸರ್‌ಗೆ ಇಷ್ಟ ಇಲ್ಲ. ಕ್ರೋಮ್ ಅಂಥ ಟ್ಯಾಬ್‌ನ ಟೈಮರ್‌ಗಳನ್ನ ಸೆಕೆಂಡಿಗೆ ಒಂದೇ ಸಲ ವಿಚಾರಿಸುತ್ತೆ, 2021ರ ಜನವರಿಯಲ್ಲಿ ಬಂದ 88ನೇ ವರ್ಷನ್‌ನಿಂದ 5 ನಿಮಿಷಕ್ಕಿಂತ ಜಾಸ್ತಿ ಮರೆಯಾಗಿ ಸದ್ದಿಲ್ಲದೆ ಇರೋ ಪೇಜ್‌ನಲ್ಲಿ ಒಂದು ಟೈಮರ್ ಇನ್ನೊಂದನ್ನ ಕಟ್ಟೋ ಸರಪಳಿ ಇದ್ರೆ ಅದನ್ನ ನಿಮಿಷಕ್ಕೆ ಒಂದೇ ಸಲ. ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ (ಬಣ್ಣ ಬಳಿಯೋ ಮುಂಚೆ ಬ್ರೌಸರ್ ಕೊಡೋ ಕರೆ) ಮೇಲೆ ನಡೆಯೋ ಅನಿಮೇಷನ್ ಆದ್ರೆ ಪೂರ್ತಿ ನಿಂತೇಬಿಡುತ್ತೆ. ಅದೇ ಧ್ವನಿ ಬರ್ತಿರೋ ಟ್ಯಾಬ್‌ಗೆ ಸ್ವಲ್ಪ ರಿಯಾಯಿತಿ ಕೊಡ್ತಾರೆ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಮಧ್ಯ ಮಧ್ಯ ಮೌನ ಬೇರೆ ಇದೆ, ಅದಕ್ಕೇ ಒಂದು ದಿನ ಸರಿ ಒಂದು ದಿನ ತಪ್ಪು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಥರ ಪಕ್ಕದ ಮನೆಯವರದ್ದರಲ್ಲಿ ಇನ್ನೊಂದು ಥರ. ಯಾಕೆ ಅಂತ ಹುಡುಕ್ತಾ ಕೂರಬೇಡಿ. ಟ್ಯಾಬ್ ಮರೆ ಆದ್ರೆ ನಾವೇ ಮರ್ಯಾದೆಯಿಂದ ನಿಲ್ಸೋಣ: ವಿಸಿಬಿಲಿಟಿಚೇಂಜ್ ಅಂತ ಈವೆಂಟ್ ಇದೆ, ಅದು ಬಂದಾಗ ಡಾಕ್ಯುಮೆಂಟ್ ಡಾಟ್ ಹಿಡನ್ ನಿಜ ಆಗಿದ್ರೆ ಗಂಟೆ ಬಿಚ್ಚಿ, ಧ್ವನಿ ನಿಲ್ಸಿ, ಟೈಮ್‌ಲೈನ್ ಸ್ಟಾಪ್. ವಾಪಸ್ ಬಂದಾಗ ಆ ಅಕ್ಷರದ ಲೇಬಲ್‌ನಿಂದ ಮತ್ತೆ ಶುರು. ಮೂರರಲ್ಲಿ ಎಷ್ಟು ಸೆಕೆಂಡ್ ಬಾಕಿ ಇತ್ತು ಅಂತ ಲೆಕ್ಕ ಇಟ್ಟು ಅಲ್ಲಿಂದಲೇ ಮುಂದುವರಿಸಬಹುದು, ಸೆಟ್‌ಟೈಮ್‌ಔಟ್‌ನ ಮಧ್ಯ ತಡೆಹಿಡಿಯೋ ಸೌಲಭ್ಯ ಇಲ್ಲವಾದ್ದರಿಂದ ಅದನ್ನ ನೀವೇ ಬರೀಬೇಕು, ಆದ್ರೆ ನಿಮ್ಮ ಕ್ಲಾಸಿಗೆ ಅದು ಯಾಕೆ? ಮಗು 'ಈ' ನ ಇನ್ನೊಂದು ಸಲ ಕೇಳಿದ್ರೆ ಗಂಟೇನು ಹೋಗುತ್ತೆ. ಕ್ರಿಯೇಟ್‌ಜೆಎಸ್ ಟಿಕರ್‌ನ (ಟಿಕ್ ಕೊಡೋ ಗಡಿಯಾರದ) ಪಾಸ್ಡ್ ಆನ್ ಮಾಡಿದ್ರೆ ಎಲ್ಲಾ ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಟಿಕ್ ಬರ್ತಾನೇ ಇರುತ್ತೆ, 'ತಡೆದು ನಿಲ್ಸಿದೆ' ಅಂತ ಒಂದು ಚೀಟಿ ಅಂಟಿಸ್ಕೊಂಡು ಬರುತ್ತೆ ಅಷ್ಟೇ, ನಿಮ್ಮ ಸೆಟ್‌ಟೈಮ್‌ಔಟ್‌ಗಂತೂ ಆ ಚೀಟಿ ತಲುಪೋದೇ ಇಲ್ಲ.

ಹಾಗಾದ್ರೆ ನಾನೇ ಮಾಡಿದ್ರೆ ಹೇಗೆ ಮಾಡ್ತೀನಿ? ಮೊದಲು ಆ ಉದ್ದ ರೆಕಾರ್ಡಿಂಗ್ ಕತ್ತರಿಸ್ತೀನಿ, ಅಕ್ಷರಕ್ಕೊಂದು ಪುಟ್ಟ ಎಂಪಿ3. ಒಂದು ಭಾನುವಾರ ಮಧ್ಯಾಹ್ನದ ಕೆಲಸ, ಧ್ವನಿ ಕತ್ತರಿಸೋ ಅಡಾಸಿಟಿ ಸಾಫ್ಟ್‌ವೇರ್ ಸಾಕು. ಮಧ್ಯದ ಮೌನ ಎಲ್ಲಾ ಕಿತ್ತು ಹಾಕಿ, ಮೌನ ಇರಬೇಕಾದ್ದು ಕೋಡ್‌ನಲ್ಲಿ, ಧ್ವನಿಯಲ್ಲಲ್ಲ. ಅಕ್ಷರ ಬರೆದು ಮುಗಿದ ಫ್ರೇಮ್‌ನಲ್ಲಿ ಸ್ಟಾಪ್, ಅಲ್ಲೇ ಆ ಅಕ್ಷರದ ಧ್ವನಿ ಪ್ಲೇ. ಕ್ರಿಯೇಟ್‌ಜೆಎಸ್‌ನಲ್ಲಿ ಧ್ವನಿ ಪ್ಲೇ ಮಾಡಿದ್ರೆ ಒಂದು ಇನ್‌ಸ್ಟೆನ್ಸ್ ಕೈಗೆ ಸಿಗುತ್ತೆ, ಅದಕ್ಕೆ ಕಂಪ್ಲೀಟ್ ಅಂತ ಈವೆಂಟ್ ಇದೆ, ಧ್ವನಿ ಮುಗಿದ ಮೇಲೆ ಅದೇ ಬಂದು ಹೇಳುತ್ತೆ. ಆಗ 3000ದ ಗಂಟೆ ಕಟ್ಟಿ. ಇದರಲ್ಲಿ ಧ್ವನಿ ಮುಗಿದಲ್ಲದೆ ಎಣಿಕೆ ಶುರುವಾಗಲ್ಲ, ಮೊಬೈಲ್ ಎಷ್ಟು ನಿಧಾನ ಇದ್ರೂ ಮಕ್ಕಳಿಗೆ ಮೂರು ಸೆಕೆಂಡ್ ಸಿಕ್ಕೇ ಸಿಗುತ್ತೆ, ಮತ್ತೆ 'ಔ, ಔಷಧ' ಹೇಳೋಕೆ ನಿಮಗೆ ಜಾಸ್ತಿ ಹೊತ್ತು ಬೇಕಾದ್ರೂ ಲೆಕ್ಕ ತಪ್ಪಲ್ಲ.

ಇದಕ್ಕೂ ಅಪಾಯ ಇದೆ, ಮುಚ್ಚಿಡಲ್ಲ. ಧ್ವನಿ ಲೋಡ್ ಆಗದಿದ್ರೆ ಅಥವಾ ಬ್ರೌಸರ್ ತಡೆದ್ರೆ ಕಂಪ್ಲೀಟ್ ಬರೋದೇ ಇಲ್ಲ, ಗಾಡಿ ಅಲ್ಲೇ ಠಿಕಾಣಿ. ಕ್ರೋಮ್ 2018ರಿಂದ ನೋಡೋರು ಮುಟ್ಟದೆ ಧ್ವನಿ ಶುರು ಮಾಡೋಕೆ ಬಿಡಲ್ಲ, ಅದಕ್ಕೆ ಮೊದಲ ಪರದೆಯಲ್ಲಿ 'ಶುರು' ಅಂತ ಒಂದು ದೊಡ್ಡ ಬಟನ್ ಇಟ್ಟು, ಅದನ್ನ ಒತ್ತಿದ ಮೇಲೇ ಮುಂದಿನದೆಲ್ಲಾ ನಡೀಲಿ. ಜೊತೆಗೆ ಧ್ವನಿ ಪ್ಲೇ ಮಾಡಿದ ಕೂಡ್ಲೇ ಮುಂಜಾಗ್ರತೆಗೆ 8000ದ ಒಂದು ಗಂಟೆ ಕಟ್ಟಿಡಿ, ಅದೇ ದಿಸ್.ಗಂಟೆಯಲ್ಲೇ. ಕಂಪ್ಲೀಟ್ ಬಂದ್ರೆ ಅದನ್ನ ಬಿಚ್ಚಿ 3000ದ್ದು ಕಟ್ಟೋದು, ಬರದಿದ್ರೆ 8 ಸೆಕೆಂಡ್ ಆದ ಮೇಲೆ ಗಾಡಿ ತಾನಾಗೇ ಹೊರಡುತ್ತೆ. ಎರಡು ಗಂಟೆ ಅನ್ನಿಸಿದ್ರೂ ಇಡೋ ಜಾಗ ಒಂದೇ ಆದ್ದರಿಂದ ಯಾವಾಗ ನೋಡಿದ್ರೂ ಒಂದೇ ಕಟ್ಟಿರುತ್ತೆ. 'ಹಿಂದೆ' ಒತ್ತಿದಾಗ ಗಂಟೆ ಬಿಚ್ಚೋದರ ಜೊತೆ ಓಡ್ತಿರೋ ಧ್ವನಿಯನ್ನೂ ಸ್ಟಾಪ್ ಮಾಡಿ, ಮರೆತ್ರೆ ಹಳೇ ಧ್ವನಿಯ ಕಂಪ್ಲೀಟ್ ಬಂದು ಹೊಸ ಅಕ್ಷರಕ್ಕೆ ಗಂಟೆ ಕಟ್ಟುತ್ತೆ, ಮತ್ತೆ ಮೊದಲಿನ ಕಥೆ.

ಇನ್ನೊಂದು ದಾರಿ ಇದೆ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಕ್ಲಾಸಿನಲ್ಲಿ ಪ್ರೊಜೆಕ್ಟರ್ ಮೇಲೆ ನೀವೇ ತೋರಿಸೋದಾದ್ರೆ ಟೈಮರ್ ಯಾಕೆ ಬೇಕು? ಸ್ಟಾಪ್ ಆಗಿ ನಿಲ್ಲಲಿ, ನೀವು ಸ್ಪೇಸ್‌ಬಾರ್ ಒತ್ತಿದಾಗ ಹೊರಡಲಿ. ಮನೇಲಿ ಮರಾಠಿಯೇ ಜಾಸ್ತಿ ಆಡೋ ಮಗುವಿಗೆ 'ಳ' ಸಲೀಸು, ಮರಾಠಿಯಲ್ಲೂ ಇದೆ, ಆದ್ರೆ ಗಿಡ್ಡ 'ಎ' ಉದ್ದ 'ಏ' ಬೇರೆ ಮಾಡಿ ಹೇಳೋಕೆ ತಡವರಿಸುತ್ತೆ, ಅಲ್ಲಿ ಮೂರು ಸೆಕೆಂಡ್ ಎಲ್ಲಿ ಸಾಕು. ಕ್ಲಾಸಿಗೆ ಒಂದು, ಮನೆಗೆ ಕಳ್ಸೋಕೆ ಟೈಮರ್ ಇರೋದು ಒಂದು ಅಂತ ಎರಡು ಮಾಡ್ಕೊಳ್ಳಿ, ನಿಲ್ಲು ಫಂಕ್ಷನ್ ಒಂದರಲ್ಲೇ ಬದಲಾವಣೆ, ಉಳಿದ 49 ಜಾಗ ಮುಟ್ಟಬೇಕಾಗಿಲ್ಲ. ಮೊಬೈಲ್‌ನಲ್ಲಿ ಮುಟ್ಟಿ ಮುಂದೆ ಹೋಗೋ ಹಾಗೆ ಕೊಟ್ರೆ ಮಾತ್ರ ಒಂದು ಸಲ ಮುಟ್ಟಿದ ಮೇಲೆ ಮುಂದಿನ ಸ್ಟಾಪ್ ಬರೋವರೆಗೂ ಆ ಬಟನ್‌ನ ಮೌಸ್‌ಎನೇಬಲ್ಡ್ ಫಾಲ್ಸ್ ಮಾಡಿ (ಮುಟ್ಟಿದ್ದು ಕೇಳದ ಹಾಗೆ), ಮಕ್ಕಳು ಒಂದು ಸಲ ಮುಟ್ಟೋ ಜಾತಿಯವರಲ್ಲ.

ಎಲ್ಲಾ ಆದ ಮೇಲೆ ಪರೀಕ್ಷೆ ಹೀಗೆ ಮಾಡಿ: ಶುರು ಮಾಡಿ 'ಆ' ನಿಂತ ಒಂದು ಸೆಕೆಂಡಿಗೆ 'ಹಿಂದೆ' ಒತ್ತಿ, ಆಮೇಲೆ ಬರೋ ಐದು ಅಕ್ಷರಕ್ಕೆ ಮೊಬೈಲ್‌ನ ಸ್ಟಾಪ್‌ವಾಚ್ ಹಿಡೀರಿ, ಐದಕ್ಕೂ ಧ್ವನಿ ಮುಗಿದ ಮೇಲೆ ಮೂರು ಮೂರು ಸೆಕೆಂಡ್ ಬರಬೇಕು. ಆಮೇಲೆ ನಿಮ್ಮ ತಮ್ಮನ ಕೈಗೆ ಕೊಟ್ಟು ಸುಮ್ಮನೆ ಬಟನ್ ಕುಟ್ಟು ಅನ್ನಿ, ಐಟಿಯವರು ಅದರಲ್ಲಿ ಪಳಗಿರ್ತಾರೆ. ಮತ್ತೆ ಕೊನೇ ಅಕ್ಷರ 'ಳ' ಇರೋ ಫ್ರೇಮ್‌ನಲ್ಲಿ ನಿಲ್ಲು ಬೇಡ, ಬರೀ ಸ್ಟಾಪ್ ಕೊಡಿ, ಅಲ್ಲಿ ಗಂಟೆ ಕಟ್ಟಿದ್ರೆ ಟೈಮ್‌ಲೈನ್ ಸುತ್ತು ಹೊಡೆದು ಮತ್ತೆ 'ಅ' ಇಂದ ಶುರು ಮಾಡಿಬಿಡುತ್ತೆ.